ಹಳಿಗೆ ದಾರಿ ತೋರುವ ಪೆಟ್ಟಿಗೆ

ಕಾಸರಗೋಡು ರೈಲು ನಿಲ್ದಾಣದ ತುದಿಯಲ್ಲಿ, ಹಳಿಗಳು ಕವಲೊಡೆಯುವ ಕಡೆ, ಕಬ್ಬಿಣದ ಪೆಟ್ಟಿಗೆಯೊಂದು ನೆಲಕ್ಕಂಟಿ ಕೂತಿರುತ್ತದೆ. ಅದೇ ಪಾಯಿಂಟ್ ಮೆಷಿನ್. 1907ರಲ್ಲಿ ಮಂಗಳೂರು ಮುಟ್ಟಿದ ಈ ಹಳಿದಾರಿಯಲ್ಲಿ ಹಿಂದೆ ಲಿವರ್ ಎಳೆದು ರೈಲಿನ ದಾರಿ ಬದಲಿಸುತ್ತಿದ್ದ ಕೆಲಸ ಈಗ ಅದರದು. ಮೋಟಾರು ತಿರುಗಿದಂತೆ ಸರಳು ಸರಿಯುತ್ತದೆ, ಚೂಪು ನಾಲಗೆಯಂಥ ಹಳಿ ಪಕ್ಕದ ಹಳಿಗೆ ಒತ್ತಿ ಕೂರುತ್ತದೆ, ಬೀಗ ಬೀಳುತ್ತದೆ. ಆ ಎರಡು ಹಳಿಗಳ ನಡುವೆ 5 ಮಿಲಿಮೀಟರ್ ದಪ್ಪದ ಪಟ್ಟಿ ಇಟ್ಟು ಪರೀಕ್ಷಿಸಿದಾಗ ಬೀಗ ಬೀಳಲೇಬಾರದು. ಎಷ್ಟು ಸೂಕ್ಷ್ಮ ಕಾವಲು!

ಹವ್ಯಾಸಕ್ಕಾಗಿ ಪುಟ್ಟ ರೈಲಿನ ಮಾದರಿ ಕಟ್ಟುತ್ತಾ, 16.5 ಮಿಲಿಮೀಟರ್ ಅಗಲದ ಹಳಿಯಡಿ ಹಲಗೆ ಕೊರೆದು ಪುಟ್ಟ ಮೋಟಾರು ಕೂರಿಸುವವರ ಗುರಿಯೂ ಇದೇ: ನಾಲಗೆ ಸಂದಿಲ್ಲದೆ ಕೂರಬೇಕು.

ಕರಾವಳಿಯ ಜಡಿಮಳೆಯಲ್ಲೂ ನಿಲ್ದಾಣದ ಆ ಪೆಟ್ಟಿಗೆಯನ್ನು ಒರೆಸಿ, ಎಣ್ಣೆ ಹಾಕಿ ಕಾಪಾಡುವ ಸಿಗ್ನಲ್ ಸಿಬ್ಬಂದಿಗೆ ನಮ್ಮ ಪ್ರತಿ ಪ್ರಯಾಣವೂ ಋಣಿ.