‘ಸ್ವಲ್ಪ ನಿಜ’ಕ್ಕೆ ಒಂದೇ ಅಂಕ

ಬ್ರಿಟನ್ನಿನ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪರಿಚಯಿಸಿದ ‘ಎಸ್‌ಡಿಕ್ಯೂ’ ಪ್ರಶ್ನಾವಳಿಗೆ 11ರಿಂದ 17 ವರ್ಷದವರು ತಾವೇ ತುಂಬುವ ರೂಪವೊಂದಿದೆ. 25 ಹೇಳಿಕೆಗಳು, ಪ್ರತಿಯೊಂದಕ್ಕೂ ‘ನಿಜವಲ್ಲ’, ‘ಸ್ವಲ್ಪ ನಿಜ’, ‘ಖಂಡಿತ ನಿಜ’ ಎಂಬ ಮೂರೇ ಉತ್ತರ. ಅದನ್ನು ಒಂದು ಪಠ್ಯವಾಗಿ ಓದಿ ನೋಡಿ.

ತಲೆನೋವು, ಹೊಟ್ಟೆನೋವನ್ನೂ ಅದು ಭಾವನೆಗಳ ಗುಂಪಿಗೇ ಸೇರಿಸುತ್ತದೆ. ಬೇಜಾರೆಂದು ಹೇಳಲಾಗದ ಹುಡುಗಿ ಹೊಟ್ಟೆನೋವು ಎನ್ನುತ್ತಾಳೆಂಬುದು ಅದಕ್ಕೆ ಗೊತ್ತು. ಸೋಲುವುದು ನಡುವಿನ ಉತ್ತರದಲ್ಲಿ. ಮನೆಯಲ್ಲಿ ನಕ್ಕು ಶಾಲೆಯಲ್ಲಿ ಮುದುಡುವವಳಿಗೂ, ಹಾಳೆ ಮೇಷ್ಟ್ರ ಕೈಗೆ ಹೋಗುತ್ತದೆಂದು ಅಳುಕಿ ನಡುವಿನ ಚೌಕಕ್ಕೆ ಗುರುತು ಹಾಕಿದವನಿಗೂ ಸಿಗುವುದು ಅದೇ 1 ಅಂಕ.

40ರವರೆಗಿನ ಮೊತ್ತ ಯಾರನ್ನು ಮೊದಲು ಮಾತಾಡಿಸಬೇಕೆಂದು ಸೂಚಿಸಬಲ್ಲದು, ಏನಾಗಿದೆಯೆಂದು ಹೇಳಲಾರದು. ಪಕ್ಕದಲ್ಲಿ ಕೂತು ‘ಸ್ವಲ್ಪ ಅಂದರೆ ಯಾವಾಗ?’ ಎಂದು ಕೇಳುವವರು ಶಾಲೆಯಲ್ಲಿಲ್ಲದಿದ್ದರೆ ಹಾಳೆ ಹಂಚುವುದೇ ಬೇಡ.