ಎಲ್ಲದಕ್ಕೂ ಸೈ ಅನ್ನೋ ಹಲಗೆ, ಭೀಮೆಗೆ ಸೈಯಾ?

ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡ್ ಕೊಳ್ಳೋಕೆ ಹೊರಟವರಿಗೆ ಸಿಗೋ ಸಲಹೆಗಳಲ್ಲೆಲ್ಲ ಒಂದು ಪದ ತಪ್ಪದೆ ಇರುತ್ತೆ: ಆಲ್‌ರೌಂಡ್. ಒಂದೇ ಬೋರ್ಡ್ ತಗೊಳ್ಳಿ, ಸಮುದ್ರಕ್ಕೂ ಆಯ್ತು, ಕೆರೆಗೂ ಆಯ್ತು, ಯೋಗಕ್ಕೂ ಆಯ್ತು, ಮುಂದೆ ನಾಯಿ ಕೂರಿಸ್ಕೊಂಡು ಹೋಗೋಕೂ ಆಯ್ತು ಅಂತ. ಗೊತ್ತಿಲ್ಲದವರಿಗೆ ಒಂದು ಸಾಲು: ಇದು ನೀರಿನ ಮೇಲೆ ನಿಂತ್ಕೊಂಡು, ಉದ್ದ ಹುಟ್ಟು ಹಾಕ್ತಾ ಸಾಗೋ ಹಲಗೆ. ಗಾಳಿ ತುಂಬಿ ಉಬ್ಬಿಸೋದು ಒಂದು ಜಾತಿ. ಇನ್ನೊಂದು ಗಟ್ಟಿ ಬೋರ್ಡು; ಒಳಗೆ ಥರ್ಮೊಕೋಲ್ ಥರದ ಹಗುರ ಫೋಮ್, ಮೇಲೆ ಫೈಬರ್‌ಗ್ಲಾಸ್ ಮತ್ತು ಎಪಾಕ್ಸಿಯ ಚಿಪ್ಪು. ನಾನು ಮಾತಾಡ್ತಿರೋದು ಈ ಎರಡನೇದರ ಬಗ್ಗೆ.

ನನಗೆ ಆ ಪದದ ಮೇಲೇ ತಕರಾರು.

ತಕರಾರಿಗೆ ಕಾರಣ ಅಫಜಲಪುರದಲ್ಲಿರೋ ನನ್ನ ಚಿಕ್ಕಪ್ಪನ ಮಗ. ಪುಣೆಯ ಕೆಲಸ ಬಿಟ್ಟು ಊರಿಂದಲೇ ಲ್ಯಾಪ್‌ಟಾಪ್ ಹಿಡಿದು ದುಡೀತಿದಾನೆ. ಮುಲ್ಕಿಯಲ್ಲಿ ಎರಡು ದಿನ ಬೋರ್ಡ್ ಮೇಲೆ ನಿಂತು ಬಂದವನಿಗೆ ಹುಚ್ಚು ಹತ್ತಿದೆ. "ಅಣ್ಣಾ, ಒಂದೇ ತಗೋತೀನಿ, ಎಲ್ಲಾದಕ್ಕೂ ಬರ್ಬೇಕು ನೋಡು. ಯಾವ್ದು ತಗೋಳ್ಲಿ?" ಅಂತ ಕೇಳಿದ. ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಬೈಕಿನ ರೊಕ್ಕದ ಪ್ರಶ್ನೆ ಇದು. ನಾನಂದೆ, "ತಮ್ಮಾ, ಯಾವ ತಿಂಗಳದಾಗ ಹೊಳಿಗಿ ಇಳೀತಿ, ಮೊದಲ್ ಅದು ಹೇಳು."

ಅವನು ಕಳಿಸಿದ ಲಿಂಕುಗಳನ್ನೆಲ್ಲ ಕೂತು ಓದಿದೆ. ನಿಮ್ಮ ತೂಕ ಎಷ್ಟು, ಎತ್ತರ ಎಷ್ಟು, ಕಲಿಯೋರಾ ಪಳಗಿದೋರಾ, ಯೋಗ ಮಾಡ್ತೀರಾ, ಮೀನು ಹಿಡೀತೀರಾ? ಎಲ್ಲಾ ಕೇಳ್ತಾರೆ. ತಿಂಗಳು ಯಾವುದು ಅಂತ ಒಬ್ಬರೂ ಕೇಳಲ್ಲ. ಅವರ ಕಣ್ಣಲ್ಲಿ ಬದಲಾಗೋದು ಮನುಷ್ಯನ ಮೂಡು ಮಾತ್ರ, ನೀರು ಇದ್ದಲ್ಲೇ ಇರುತ್ತೆ. ಬೆಳಿಗ್ಗೆ ಯೋಗ, ಸಂಜೆ ಮಕ್ಕಳು, ಭಾನುವಾರ ಅಲೆ. ಹವಾಯಿಯ ಕಡಲಿಂದ ಹೊರಟು ಅಮೆರಿಕದ ಸರೋವರಗಳಲ್ಲಿ ಬೆಳೆದ ಆಟಕ್ಕೆ ಆ ನಂಬಿಕೆ ಸಹಜವೇ. ನಮ್ಮ ಭೀಮಾಗೆ ಮಾತ್ರ ಅದು ಒಂಚೂರೂ ಒಗ್ಗಲ್ಲ.

ಭೀಮಾ ಒಂದು ಹೊಳೆಯಲ್ಲ, ವರ್ಷಕ್ಕೆ ಮೂರು ಹೊಳೆ. ಜುಲೈಯಿಂದ ಅಕ್ಟೋಬರ್‌ತನಕ ಅದು ಮಹಾರಾಷ್ಟ್ರದ ಹೊಳೆ. ಅಫಜಲಪುರದಲ್ಲಿ ಆಕಾಶ ನೀಲಿ ಇದ್ದು ಒಂದು ಹನಿ ಬೀಳದಿದ್ರೂ, ಮೇಲೆ ಉಜನಿ ಡ್ಯಾಮಿನ ಗೇಟು ಎತ್ತಿದರೆ ಇಲ್ಲಿ ನೀರು ಏರುತ್ತೆ. 2020ರ ಅಕ್ಟೋಬರಿನಲ್ಲಿ ಸೊನ್ನ ಬ್ಯಾರೇಜಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಹರಿದು, ದಂಡೆಯ ಊರುಗಳು ಮುಳುಗಿ, ಜನ ಕಾಳಜಿ ಕೇಂದ್ರಗಳಲ್ಲಿ ದಿನ ಕಳೆದದ್ದು ನಮ್ಮ ಕಡೆಯವರು ಇನ್ನೂ ಮರೆತಿಲ್ಲ. ಆ ನೀರಿಗೆ ಆಲ್‌ರೌಂಡ್ ಅನ್ನೋ ಬೋರ್ಡು ಇಲ್ಲ, ಇರಲೂಬಾರದು. ಇನ್ನು ಮಾರ್ಚ್ ದಾಟಿದರೆ ಎಷ್ಟೋ ಕಡೆ ಬರೀ ಬಂಡೆ, ಉಸುಕು, ನಡುವೆ ಹಸಿರುಗಟ್ಟಿದ ಗುಂಡಿಗಳು. ಕುಡಿಯೋ ನೀರಿಗಾಗಿ ಹೊಳೆಗೆ ನೀರು ಬಿಡ್ರಿ ಅಂತ ಜನ ಧರಣಿ ಕೂಡೋ ಕಾಲ ಅದು. ಆ ಹೊತ್ತಲ್ಲಿ ದಂಡೆ ಮೇಲೆ ಬೋರ್ಡ್ ಹೊತ್ಕೊಂಡು ನಿಂತವನನ್ನ ಊರು ಹ್ಯಾಗೆ ನೋಡುತ್ತೆ ಅಂತ ಯಾವ ಬೈಯಿಂಗ್ ಗೈಡಲ್ಲೂ ಬರೆದಿಲ್ಲ.

ಉಳಿಯೋದು ನಡುವಿನ ಹೊಳೆ. ನೆರೆ ಇಳಿದ ಮೇಲಿಂದ ಜನವರಿ, ಹೆಚ್ಚೆಂದ್ರೆ ಫೆಬ್ರವರಿತನಕ ಬ್ಯಾರೇಜುಗಳ ಹಿಂದೆ ನಿಂತ ನೀರು. ಸೊನ್ನದ ಹಿನ್ನೀರು, ಘತ್ತರಗಿ ಭಾಗ್ಯವಂತಿಯ ಗುಡಿ ಹತ್ತಿರದ ನೀರು, ಆಚೆ ಆಳಂದ ತಾಲೂಕಿನಲ್ಲಿ ಅಮರ್ಜಾ ಜಲಾಶಯ. ಚಪ್ಪಟೆ, ನಿಧಾನ, ಅಗಲ. ಈ ನಾಲ್ಕು ತಿಂಗಳಿಗೆ, ಈ ನೀರಿಗೆ ಅಂತ ಕೇಳಿದ್ರೆ ನಾನೂ ಅದೇ ಬೈಕೊಂಡ ಆಲ್‌ರೌಂಡ್ ಬೋರ್ಡನ್ನೇ ತೋರಿಸ್ತೀನಿ. ಆದರೆ ಕಾರಣ ಬೇರೆ.

10 ಅಡಿ 6 ಇಂಚು ಉದ್ದ, 32 ಇಂಚು ಅಗಲ, ನಾಲ್ಕೂವರೆ ಇಂಚಿನ ಆಸುಪಾಸು ದಪ್ಪ. ಮೂತಿ ದುಂಡಗೆ, ತಳ ಚಪ್ಪಟೆ. ಸಾಧಾರಣವಾಗಿ ಇದು 170-190 ಲೀಟರ್ ಗಾತ್ರದ ಹಲಗೆ. ಲೆಕ್ಕ ಸರಳ: ಒಂದು ಲೀಟರ್ ಅಂದ್ರೆ ಹೆಚ್ಚುಕಮ್ಮಿ ಒಂದು ಕಿಲೋ ತೇಲಿಸೋ ಶಕ್ತಿ. ನನ್ನ ತಮ್ಮ 75 ಕಿಲೋ, ಬೋರ್ಡ್ 12, ಲೈಫ್ ಜಾಕೆಟ್ಟು ನೀರಿನ ಬಾಟಲಿ ಸೇರಿ ಮೂರು. 90 ಕಿಲೋಗೆ 180 ಲೀಟರ್, ಅರ್ಧಕ್ಕರ್ಧ ಉಳಿತಾಯ. ಆ ಉಳಿದ ಅರ್ಧವೇ ಕಾಲು ನಡುಗಿದಾಗ ನಿಮ್ಮನ್ನ ನಿಲ್ಲಿಸೋದು. ಇಲ್ಲೊಂದು ಮಾತು ಸೇರಿಸಬೇಕು. ನಮ್ಮ ಮನೆಗಳಲ್ಲಿ ಒಬ್ಬ ತಂದದ್ದು ಒಬ್ಬನದಾಗಿ ಉಳಿಯಲ್ಲ. ನಾಳೆ ಅತ್ತೆ ಮಗ ಬರ್ತಾನೆ, 95 ಕಿಲೋ. ನಾಡಿದ್ದು ಕಾಲೇಜಿನ ತಂಗಿ. ಹಾಗಾಗಿ ನಿಮ್ಮ ತೂಕಕ್ಕಲ್ಲ, ಮನೆಯ ಅತಿ ಭಾರದ ಮನುಷ್ಯನ ತೂಕಕ್ಕೆ ಬೋರ್ಡ್ ನೋಡಿ. ಎಲ್ಲದಕ್ಕೂ ಸೈ ಅನ್ನೋದು ಎಲ್ಲರಿಗೂ ಸೈ ಅಂತಾದ್ರೆ ಆ ಪದದ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯುತ್ತೆ.

ಇದೇ ಬೋರ್ಡನ್ನ 'ಸರ್ಫಿಂಗಿಗೂ ಬರುತ್ತೆ' ಅಂತ ಮಾರ್ತಾರಲ್ಲ, ಅದಕ್ಕೆ ದುಡ್ಡು ಕೊಡಬೇಡಿ. ಅಲೆಗೆ ಒಗ್ಗಲಿ ಅಂತ ಮೂತಿಯನ್ನ ಬಹಳ ಮೇಲೆತ್ತಿ ಮಾಡಿರೋ ಬೋರ್ಡು ಚಪ್ಪಟೆ ನೀರಲ್ಲಿ ನೀರನ್ನ ತಳ್ತಾ ತಳ್ತಾ ಸುಸ್ತು ಮಾಡುತ್ತೆ. ಉದ್ದುದ್ದ ಹೋಗೋ ಆಸೆಯವರು ಚೂಪು ಮೂತಿಯ ಟೂರಿಂಗ್ ಬೋರ್ಡ್ ಕಡೆ ವಾಲ್ತಾರೆ. ಅದು ನೇರ ಓಡುತ್ತೆ, ನಿಜ, ಆದರೆ ಕಲಿಯೋರನ್ನ ಬೀಳಿಸುತ್ತೆ. ಶಾಂಭವಿ, ನಂದಿನಿ ನದಿಗಳು ಕಡಲು ಸೇರೋ ಸಸಿಹಿತ್ಲಿನಲ್ಲಿ 2024ರ ಮಾರ್ಚಲ್ಲಿ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ಆಯ್ತಲ್ಲ, ಅಂಥ ಕಡೆ ರೇಸಿನವರು ನಿಲ್ಲೋದು 14 ಅಡಿಯ ಸಪೂರ ಬೋರ್ಡುಗಳ ಮೇಲೆ. ನೋಡೋಕೆ ಚೆಂದ. ಅದನ್ನ ನೋಡಿ ಬಂದು ಸೊನ್ನದ ಹಿನ್ನೀರಿಗೆ ಅಂಥದ್ದೇ ತರಿಸೋದು, ಹೊಲದ ದಾರಿಗೆ ರೇಸ್ ಬೈಕ್ ತಂದ ಹಾಗೆ.

ಬೋರ್ಡಿನ ಅಡಿಗೆ ಹಿಂಭಾಗದಲ್ಲಿರೋ ಫಿನ್ನು ನಮ್ಮ ಹೊಳೆಯಲ್ಲಿ ಬೋರ್ಡಿಗಿಂತ ದೊಡ್ಡ ಪ್ರಶ್ನೆ. ಸಾಮಾನ್ಯವಾಗಿ 9 ಇಂಚಿನದು ಕೊಟ್ಟಿರ್ತಾರೆ. ಭೀಮಾದ ದಂಡೆಯುದ್ದಕ್ಕೂ ಪಂಪ್‌ಸೆಟ್ಟಿನ ಪೈಪು, ಮೀನಿನ ಬಲೆ, ಮುಳುಗಿದ ಜಾಲಿ ಕಂಟಿ, ನೀರಿಗೆ ಒಂದು ಗೇಣು ಕೆಳಗೆ ಬಂಡೆ. ಫಿನ್ನು ಸಿಕ್ಕಿಕೊಂಡರೆ ಬೋರ್ಡು ನಿಲ್ಲುತ್ತೆ, ನೀವು ನಿಲ್ಲಲ್ಲ, ಮುಂದಕ್ಕೆ ಮಗುಚ್ತೀರಿ. ಬಿಚ್ಚಿ ಬದಲಾಯಿಸೋಕೆ ಬರೋ ಫಿನ್ ಇರೋ ಬೋರ್ಡನ್ನೇ ತಗೊಂಡು, ನಾಲ್ಕೈದು ಇಂಚಿನ, ಬಾಗೋ ಗುಣದ ಗಿಡ್ಡ ಫಿನ್ ಒಂದನ್ನ ಜೊತೆಗೇ ತರಿಸಿ. ನೇರ ಓಡೋದು ಸ್ವಲ್ಪ ಕಮ್ಮಿ ಆಗುತ್ತೆ, ಆಗಲಿ.

ಬಿಸಿಲಿಗೆ ಬರೋಣ. ಕಲಬುರಗಿಯ ಏಪ್ರಿಲ್ ಮೇ ಗೊತ್ತಲ್ಲ, 43-44 ಡಿಗ್ರಿ. ಗಟ್ಟಿ ಬೋರ್ಡಿನ ಒಳಗಿನ ಗಾಳಿ ಬಿಸಿಗೆ ಹಿಗ್ಗಿ, ಮೇಲಿನ ಚಿಪ್ಪು ಫೋಮಿನಿಂದ ಬಿಟ್ಟುಕೊಂಡು ಗುಳ್ಳೆ ಏಳುತ್ತೆ. ಅದಕ್ಕೇ ಬೋರ್ಡಿನಲ್ಲಿ ಗಾಳಿಯಾಡೋ ಒಂದು ಸಣ್ಣ ತಿರುಪು ಇರೋದು. ಅದು ಇದೆಯಾ ಅಂತ ಕೊಳ್ಳುವಾಗಲೇ ನೋಡಿ. ಕೈಯಿಂದ ಬಿಚ್ಚೋ ಥರದ್ದಾದ್ರೆ ಇಡುವಾಗ ಸಡಿಲಿಸಿ, ನೀರಿಗೆ ಇಳಿಯೋ ಮುಂಚೆ ಬಿಗಿ ಮಾಡಿ. ಕಪ್ಪು, ಕಡುನೀಲಿ ಬಣ್ಣ ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ, ನಮ್ಮ ಬಿಸಿಲಿಗೆ ಬಿಳಿಯೇ ಸರಿ. ಇಡೋ ಜಾಗ ತಗಡಿನ ಶೆಡ್ಡಲ್ಲ, ಮನೆಯೊಳಗಿನ ಪಡಸಾಲೆ. ನಮ್ಮ ಕಾಕಾ ಇದನ್ನ ಕೇಳಿ, "ನಿಂತು ಹೋಗ್ಲಾಕ ಯಾಕ್ ಬೇಕೋ, ಕುಂತ್ರ ಏನಾಗ್ತದ? ಮ್ಯಾಲ ಪಡಸಾಲ್ಯಾಗ ಹಾಸಿಗಿ ಹಾಸಿ ಮಲಗಸ್ಬೇಕಾ ಅದಕ್ಕ?" ಅಂದ್ರು. ಮೊದಲನೇ ಪ್ರಶ್ನೆಗೆ ನನ್ನ ಹತ್ರ ಇವತ್ತಿಗೂ ಉತ್ತರ ಇಲ್ಲ.

ಬಂಡೆಗೆ ತಾಗಿ ಚಿಪ್ಪು ಬಿರುಕು ಬಿಟ್ಟರೆ? ಒಳಗೆ ನೀರು ಹೋಗೋಕೆ ಶುರು ಆಗುತ್ತೆ, ಬೋರ್ಡು ದಿನಾ ಭಾರ ಆಗ್ತಾ ಹೋಗುತ್ತೆ. ಕಡಲ ತೀರದಲ್ಲಿ ರಿಪೇರಿಯವರು ಸಿಗ್ತಾರೆ. ನಮ್ಮಲ್ಲಿ ಬಂಪರ್, ನೀರಿನ ಟ್ಯಾಂಕ್ ಅಂಟಿಸೋ ಫೈಬರ್ ಕೆಲಸದವರು ಇದಾರೆ, ಕೈ ಚಳಕದಲ್ಲಿ ಏನೂ ಕಮ್ಮಿ ಇಲ್ಲ, ಆದರೆ ಆ ಕೆಲಸಕ್ಕೆ ಸಾಮಾನ್ಯವಾಗಿ ಬಳಸೋದು ಪಾಲಿಯೆಸ್ಟರ್ ರೆಸಿನ್. ಅದು ಥರ್ಮೊಕೋಲ್ ಜಾತಿಯ ಫೋಮನ್ನ ಕರಗಿಸಿಬಿಡುತ್ತೆ. ಒಂದು ಇಂಚಿನ ಬಿರುಕು ಮುಚ್ಚೋಕೆ ಹೋಗಿ ಒಳಗೆ ಬಾವಿ ಆಗುತ್ತೆ. ಎಪಾಕ್ಸಿಯನ್ನ ನೀವೇ ಒಯ್ದು ಅವರ ಕೈಗೆ ಕೊಡಿ.

ಇಷ್ಟೆಲ್ಲ ಓದಿ ಬೆಂಗಳೂರಿನವರು 'ಹಾಗಾದ್ರೆ ಗಾಳಿ ತುಂಬೋದೇ ಮೇಲಲ್ವಾ' ಅಂತೀರಿ. ಹಬ್ಬಕ್ಕೆ ಮಾತ್ರ ಊರಿಗೆ ಹೋಗೋರಿಗೆ ಹೌದು. ಹತ್ತೂವರೆ ಅಡಿ ಹಲಗೆಯನ್ನ ಸ್ಲೀಪರ್ ಬಸ್ಸಿನವನು ಹತ್ತಿಸಿಕೊಳ್ಳಲ್ಲ. ಗಟ್ಟಿ ಬೋರ್ಡು ಊರಲ್ಲೇ ಇರೋರ ವಸ್ತು. ಪಂಪ್ ಹೊಡೆಯೋ ಕೆಲಸ ಇಲ್ಲ, ಗಾಳಿಗೆ ಅಷ್ಟು ಅಲ್ಲಾಡಲ್ಲ, ಕಾಲ ಕೆಳಗೆ ಗಟ್ಟಿ ನೆಲ ಇದ್ದ ಹಾಗೆ ಇರುತ್ತೆ. ತಮ್ಮನಿಗೆ ಅದನ್ನೇ ಹೇಳಿದೀನಿ.

ಜೊತೆಗೆ ಇನ್ನೊಂದು, ಇದರಲ್ಲಿ ರಾಜಿ ಇಲ್ಲ. ಬೋರ್ಡಿನ ಜೊತೆ ಬರೋದು ಸಾಮಾನ್ಯವಾಗಿ ಕಾಲಿಗೆ ಕಟ್ಟೋ ಹಗ್ಗ. ಕಡಲಿಗೆ ಅದು ಸರಿ. ಹರಿಯೋ ಹೊಳೆಯಲ್ಲಿ ಆ ಹಗ್ಗ ಜಾಲಿಗೋ ಪೈಪಿಗೋ ಸಿಕ್ಕಿದ್ರೆ, ಸೆಳೆತ ನಿಮ್ಮನ್ನ ಒತ್ತಿ ಹಿಡಿಯುತ್ತೆ, ಬಗ್ಗಿ ಕಾಲು ಬಿಚ್ಚಿಕೊಳ್ಳೋಕೆ ಆಗಲ್ಲ. ಉಸುಕು ತೆಗೆದು ಬಿಟ್ಟ ಗುಂಡಿಗಳು ಬೇರೆ, ಮೊಣಕಾಲುದ್ದ ನೀರಲ್ಲಿ ಇದ್ದಕ್ಕಿದ್ದ ಹಾಗೆ ಎರಡಾಳು ಆಳ. ಮೊಸಳೆ ಕಂಡ ಸುದ್ದಿಯೂ ಆಗಾಗ ಬರುತ್ತೆ, ಮೀನುಗಾರರನ್ನ ಕೇಳದೆ ಹೊಸ ಜಾಗಕ್ಕೆ ಇಳೀಬೇಡಿ. ಕಾಲಿನ ಹಗ್ಗ ಮನೇಲಿ ಬಿಟ್ಟು, ಸೊಂಟಕ್ಕೆ ಕಟ್ಟಿ ಒಂದು ಎಳೆತಕ್ಕೆ ಬಿಚ್ಚಿಕೊಳ್ಳೋ ಬೆಲ್ಟು ತಗೊಳ್ಳಿ, ಲೈಫ್ ಜಾಕೆಟ್ಟು ಮೈಮೇಲೇ ಇರಲಿ. ಬಜೆಟ್ ಸಾಲದಿದ್ರೆ ಬೋರ್ಡಿನ ಮಾಡೆಲ್ ಒಂದು ಮೆಟ್ಟಿಲು ಇಳಿಸಿ, ಇವೆರಡನ್ನ ಇಳಿಸಬೇಡಿ. ನನ್ನ ತಮ್ಮ ಬೋರ್ಡಿಗಿಂತ ಮೊದಲು ಬೆಲ್ಟು ತರಿಸಿದಾನೆ. ಹಲಗೆ ನೆರೆ ಇಳಿದ ಮೇಲೆ ಬರುತ್ತೆ.