ಹೆಸರೇ ದಾರಿ ತಪ್ಪಿಸುವ ಆದೇಶಗಳು

ಕೊಪ್ಪ ತಾಲ್ಲೂಕಿನ ಮೇಗುಂದ ಹೋಬಳಿಯಂಥ ಕಡೆ ಮಳೆಗಾಲದಲ್ಲಿ ಅಂತರಜಾಲ ಕೈಕೊಡುವುದು ಹೊಸತಲ್ಲ. ಅಲ್ಲಿನ ಶಾಲೆಯೊಂದಕ್ಕೆ ಸರಳ ಲೋಲಕದ ಗಣಕ ಪ್ರಯೋಗವನ್ನು ನೀವು ಪೆನ್‌ಡ್ರೈವಿನಲ್ಲಿ ಒಯ್ಯಬೇಕಾಗಿದೆ ಎಂದುಕೊಳ್ಳಿ. ಪೈಥಾನ್ ಮತ್ತು ಅದಕ್ಕೆ ಬೇಕಾದ ತಂತ್ರಾಂಶವೆಲ್ಲ ಡಾಕರ್ ಕಂಟೇನರಿನಲ್ಲಿ ಸಿದ್ಧವಾಗಿವೆ. ಯಾವ ಆದೇಶ ಕೊಡುತ್ತೀರಿ? ‘ಡಾಕರ್ ಎಕ್ಸ್‌ಪೋರ್ಟ್’ ಎಂದು ತಾನೆ? ಎಡವುವುದು ಅಲ್ಲಿಯೇ.

2013ರಲ್ಲಿ ಹೊರಬಂದ ಡಾಕರ್‌ನಲ್ಲಿ ಸಾಗಣೆಗೆ ಎರಡು ಜೋಡಿ ಆದೇಶಗಳಿವೆ. ಪದರಪದರವಾಗಿ ಕಟ್ಟಿದ ಅಚ್ಚು ಇಮೇಜ್. ಅದರಿಂದ ಎಬ್ಬಿಸಿದ, ಕೆಲಸಮಾಡುವ ಘಟಕ ಕಂಟೇನರ್. ‘ಸೇವ್’ ಇಮೇಜನ್ನು ಪದರ, ಹೆಸರು, ಸೂಚನೆಗಳ ಸಮೇತ ಕಟ್ಟಿಕೊಡುತ್ತದೆ. ‘ಲೋಡ್’ ಅದನ್ನು ಹಾಗೆಯೇ ಬಿಚ್ಚುತ್ತದೆ. ‘ಎಕ್ಸ್‌ಪೋರ್ಟ್’ ಕಂಟೇನರಿನ ಕಡತಗಳನ್ನಷ್ಟೇ ತೆಗೆದುಕೊಡುತ್ತದೆ. ಯಾವ ಕಾರ್ಯಕ್ರಮ ಮೊದಲು ಓಡಬೇಕು, ಪರಿಸರದ ಚಲಾಂಶಗಳು ಯಾವುವು ಎಂಬುದು ಅದರಲ್ಲಿರುವುದಿಲ್ಲ. ಉಪಕರಣಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ, ಪ್ರಯೋಗದ ವಿಧಾನದ ಹಾಳೆಯನ್ನು ಮೇಜಿನ ಮೇಲೆಯೇ ಬಿಟ್ಟುಬಂದಂತೆ! ‘ಇಂಪೋರ್ಟ್’ ಮಾಡುವಾಗ ‘ಚೇಂಜ್’ ಆಯ್ಕೆಯಿಂದ ಅವನ್ನು ಮತ್ತೆ ಸೇರಿಸಬಹುದು. ಆದರೆ ಅವೇನೆಂದು ನೆನಪಿದ್ದವರಿಗೆ ಮಾತ್ರ.

ಇದಕ್ಕಿಂತ ದೊಡ್ಡ ಆಕ್ಷೇಪ ನನ್ನದು ಬೇರೆ. ಎರಡೂ ಟಾರ್ ಕಡತಗಳೇ, ಹೊರನೋಟಕ್ಕೆ ಒಂದೇ. ಎಕ್ಸ್‌ಪೋರ್ಟ್ ಕಡತವನ್ನು ಲೋಡ್‌ಗೆ ಕೊಟ್ಟರೆ ದೋಷದ ಸಂದೇಶವಾದರೂ ಬರುತ್ತದೆ. ಸೇವ್ ಕಡತವನ್ನು ಇಂಪೋರ್ಟ್‌ಗೆ ಕೊಟ್ಟರೋ, ಅದು ತಕರಾರಿಲ್ಲದೆ ಒಪ್ಪಿಕೊಂಡು ಇಮೇಜ್ ಒಂದನ್ನು ಮಾಡಿಬಿಡುತ್ತದೆ. ಒಳಗಿರುವುದು ಪೈಥಾನ್ ಅಲ್ಲ, ಬಿಚ್ಚದ ಪದರಗಳ ಗಂಟು. ಓಡಿಸಹೊರಟಾಗಲೇ ತಿಳಿಯುವುದು. ಅಷ್ಟರಲ್ಲಿ ನೀವು ಮೇಗುಂದ ತಲುಪಿರುತ್ತೀರಿ. ತಪ್ಪನ್ನು ತಪ್ಪೆಂದು ಹೇಳದ ಆದೇಶವನ್ನು ಒಳ್ಳೆಯ ವಿನ್ಯಾಸವೆನ್ನಲು ನನಗೆ ಮನಸ್ಸಿಲ್ಲ.

ಎಕ್ಸ್‌ಪೋರ್ಟ್ ನಿರುಪಯುಕ್ತವೇನಲ್ಲ. ಕಂಟೇನರಿನ ಕಡತಗಳನ್ನು ಪರೀಕ್ಷಿಸಲು, ಹಲವು ಪದರಗಳನ್ನು ಒಂದಾಗಿಸಲು ಅದೇ ಸರಿ. ಸೇವ್‌ನಲ್ಲಿ, ಮುಂದೆ ಅಳಿಸಿದ ಕಡತವೂ ಹಳೆಯ ಪದರದಲ್ಲಿ ಉಳಿದೇ ಇರುತ್ತದೆ. ಗುಪ್ತಪದವಿದ್ದರೆ ಅದೂ ಜೊತೆಗೇ ಪ್ರಯಾಣ ಮಾಡುತ್ತದೆ.

ಹೊರಡುವ ಮುನ್ನ ‘ಟಾರ್’ ಆದೇಶದಿಂದ ಕಡತದ ಪಟ್ಟಿ ತೆಗೆಯಿರಿ. ‘ಮ್ಯಾನಿಫೆಸ್ಟ್’ ಎಂಬ ಹೆಸರಿನ ಜೇಸನ್ ಕಡತ ಕಂಡರೆ ಅದು ಸೇವ್‌ನದು. ನೇರವಾಗಿ ‘ಬಿನ್’, ‘ಯುಎಸ್‌ಆರ್’ ಕಂಡರೆ ಎಕ್ಸ್‌ಪೋರ್ಟ್‌ನದು. ಕಂಟೇನರಿನೊಳಗೆ ಹೊಸದೇನಾದರೂ ಸೇರಿಸಿದ್ದರೆ ಮೊದಲು ‘ಕಮಿಟ್’ ಮಾಡಿ, ಅದರಿಂದ ಬಂದ ಇಮೇಜಿಗೆ ಹೆಸರಿಟ್ಟು, ಆಮೇಲೆ ಸೇವ್ ಮಾಡಿ. ವಿದ್ಯಾರ್ಥಿಗಳ ಅಳತೆಗಳನ್ನು ‘ವಾಲ್ಯೂಮ್’ನಲ್ಲಿ ಇಟ್ಟಿದ್ದರೆ ಅವು ಈ ಯಾವ ಆದೇಶಕ್ಕೂ ಸಿಗವು, ಬೇರೆಯಾಗಿಯೇ ನಕಲಿಸಿಕೊಳ್ಳಬೇಕು.